ಸೇನೆಗೆ ಹೋಗುವ ರೊಕ್ಕ ನಮ್ಮೂರಿಗೆ ಎಷ್ಟು ಬರುತ್ತದೆ?



ಹುಮನಾಬಾದ್ ಕಡೆಯ ಒಂದು ಸಂಘದ ಸಭೆ ನಡೆದಿತ್ತು. ತಲೆಯ ಮೇಲೆ ವಿಮಾನ ಹೋದ ಸಪ್ಪಳಕ್ಕೆ ಎಲ್ಲರ ಮಾತು ನಿಂತಿತು. "ಸಿಸ್ಟರ್, ಇದಕ್ಕ ಎಷ್ಟ ರೊಕ್ಕ ಹೋಗ್ತದ? ಅದ್ರಾಗ ನಮಗೇನ ಬರ್ತದ?" ಎಂದು ಒಬ್ಬ ಅಕ್ಕ ಕೇಳಿದರು. ಅಂದು ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈ ಪಾಠ ಆ ಅಕ್ಕನಿಗಾಗಿ.

ಬೀದರ್ ವಾಯುನೆಲೆಗೆ ಹಾಕ್ ಎಂಬ ತರಬೇತಿ ವಿಮಾನಗಳು ಬಂದದ್ದು 2008ರಲ್ಲಿ. 2004ರ ಒಪ್ಪಂದದ ಪ್ರಕಾರ ಒಟ್ಟು 66 ವಿಮಾನ. 24 ಬ್ರಿಟನ್ನಿನವು, 42 ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಮಾಡುವಂಥವು. ಹಾರುವುದು ನಮ್ಮ ಹೊಲದ ಮೇಲೆ, ಕೊಂಡ ರೊಕ್ಕ ಹೋದದ್ದು ಅಲ್ಲಿಗೆ.

2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ ರೂಪಾಯಿ ಇಟ್ಟರು. ಅದೇ ವರ್ಷ ಉದ್ಯೋಗ ಖಾತ್ರಿಗೆ ಇಟ್ಟದ್ದು 86,000 ಕೋಟಿ. ರಕ್ಷಣೆಯ ಪ್ರತಿ 100 ರೂಪಾಯಿಯಲ್ಲಿ ಸುಮಾರು 26 ಹೊಸ ವಿಮಾನ, ಹಡಗು, ಶಸ್ತ್ರಗಳಿಗೆ. ಸುಮಾರು 24 ಪಿಂಚಣಿಗೆ. ಉಳಿದದ್ದು ಸಂಬಳ, ಇಂಧನ, ರಿಪೇರಿ ಇತ್ಯಾದಿಗೆ.

ಇದನ್ನು ನಮ್ಮ ಸಂಘದ ಒಳಸಾಲದ ಹಾಗೆ ನೋಡಿರಿ. ಒಬ್ಬಾಕೆ ಸಾಲ ಪಡೆದು ಎಮ್ಮೆ ಕೊಂಡರೆ, ಹಾಲಿನ ರೊಕ್ಕ ಕಿರಾಣಿ ಅಂಗಡಿಗೆ, ಅಲ್ಲಿಂದ ಇನ್ನೊಬ್ಬರ ಕೈಗೆ ಹೋಗಿ ಊರೊಳಗೇ ತಿರುಗುತ್ತದೆ. ಹಾಗೆಯೇ ವಾಯುನೆಲೆಯ ನೌಕರರ ಸಂಬಳದಲ್ಲಿ ಒಂದು ಪಾಲು ಬೀದರ್ ಪೇಟೆಯಲ್ಲಿ ಹಾಲು, ತರಕಾರಿ, ಆಟೋ, ಮನೆ ಬಾಡಿಗೆಗೆ ಖರ್ಚಾಗುತ್ತದೆ. ಹಳ್ಳಿಯ ತನಕ ಬರುವುದು ಹೆಚ್ಚಾಗಿ ಪಿಂಚಣಿ. ಮನೆಯ ಮುದುಕರ ಔಷಧಿ, ಮೊಮ್ಮಕ್ಕಳ ಶಾಲೆ ಫೀಸು ಅದರಿಂದಲೇ. ಆದರೆ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ದುಡಿದು ಹೊರಬರುವವರಿಗೆ ಪಿಂಚಣಿ ಇಲ್ಲ, ಸುಮಾರು 11.7 ಲಕ್ಷ ಒಂದೇ ಸಲ ಕೈಗೆ ಬರುತ್ತದೆ. ಒಂದೇ ಸಲ ಬಂದ ರೊಕ್ಕ ಎಷ್ಟು ದಿನ ನಿಲ್ಲುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗಡಿ ಕಾಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಮಾತ್ರ ಹೇಳುತ್ತಿದ್ದೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2011ರಲ್ಲಿ ಇಂಥದೇ ಲೆಕ್ಕ ಹಾಕಿದರು. 100 ಕೋಟಿ ಡಾಲರ್ ಸೇನೆಗೆ ಹಾಕಿದರೆ ಸುಮಾರು 11,200 ಕೆಲಸ, ಅಷ್ಟೇ ಹಣ ಶಿಕ್ಷಣಕ್ಕೆ ಹಾಕಿದರೆ ಸುಮಾರು 26,700. ಕಾರಣ ಸರಳ: ಶಾಲೆಯ ಖರ್ಚಿನಲ್ಲಿ ಹೆಚ್ಚು ಪಾಲು ಮನುಷ್ಯರ ಸಂಬಳಕ್ಕೇ ಹೋಗುತ್ತದೆ. ನಮ್ಮ ದೇಶದ ಸಂಖ್ಯೆ ಬೇರೆ ಇರಬಹುದು, ಆದರೆ ಪ್ರಶ್ನೆ ಅದೇ.

ಇನ್ನೊಂದು ಮಾತು. "ನಮಗ 371(ಜೆ) ಅದ, ವಾಯುನೆಲ್ಯಾಗೂ ಮಕ್ಕಳಿಗೆ ನೌಕರಿ ಸಿಗ್ತದ" ಎಂದು ಕೆಲವು ತಾಯಂದಿರು ನಂಬಿದ್ದಾರೆ. ಆ ಮೀಸಲಾತಿ ರಾಜ್ಯ ಸರ್ಕಾರದ ಮತ್ತು ಅದರ ಅಧೀನ ಸಂಸ್ಥೆಗಳ ಹುದ್ದೆಗಳಿಗೆ. ವಾಯುನೆಲೆ ಕೇಂದ್ರದ್ದು, ಅಲ್ಲಿ ಇಡೀ ದೇಶದ ಮಕ್ಕಳ ಜೊತೆ ಪರೀಕ್ಷೆ ಬರೆಯಬೇಕು. ಏಜೆಂಟರ ಮಾತು ಕೇಳಿ ರೊಕ್ಕ ಕೊಡಬೇಡಿರಿ.

ಮುಂದಿನ ವಾರದ ಸಭೆಗೆ: ನಿಮ್ಮ ಊರಿನಲ್ಲಿ ಸೈನಿಕರ ಸಂಬಳ ಅಥವಾ ಪಿಂಚಣಿ ಬರುವ ಮನೆ ಎಷ್ಟು? ಆ ರೊಕ್ಕ ಮೊದಲು ಯಾವ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ? ಚಾರ್ಟ್ ಮೇಲೆ ಬಾಣ ಹಾಕಿ ತೋರಿಸಿರಿ.