ಅಡಿಕೆಯಿಂದ ಅರೇಕಾವರೆಗೆ

ಶಿರಸಿ ತಾಲೂಕಿನ ಹೆಗಡೆಕಟ್ಟಾದ ಸುತ್ತಮುತ್ತ ಬೆಟ್ಟಗಳ ನಡುವಣ ಕಣಿವೆಗಳಲ್ಲಿ ಅಡಿಕೆಯ ತೋಟಗಳು ಹಬ್ಬಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಬಾಳು ಬಹುಮಟ್ಟಿಗೆ ಈ ಮರವನ್ನೇ ನೆಚ್ಚಿಕೊಂಡಿದೆ. ಸಿಂಗಾರ, ಕೊನೆ, ಹಾಳೆ, ಚೊಗರು, ಚಾಲಿ ಮೊದಲಾದ ಮಾತುಗಳನ್ನು ಇಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಅರಿತಿರುತ್ತಾರೆ. ಆದರೆ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದೇ ಮರದ ಹೆಸರನ್ನು ‘ಅರೇಕಾ ಕೆಟೆಚು’ ಎಂದು ಓದಿದಾಗ ಅದು ಯಾವುದೋ ದೂರದೇಶದ ಮಾತೆಂದು ತೋರುತ್ತದೆ. ನಿಜವಾಗಿ ಅದು ನಮ್ಮ ನೆರೆಮನೆಯಿಂದ ಹೊರಟು, ಸಮುದ್ರವನ್ನು ದಾಟಿ, ವೇಷವನ್ನು ಬದಲಿಸಿಕೊಂಡು ಹಿಂದಿರುಗಿದ ಮಾತು.

ಕನ್ನಡದಲ್ಲಿ ಅಡಿಕೆ ಅಥವಾ ಅಡಕೆ, ಮಲಯಾಳದಲ್ಲಿ ಅಡಕ್ಕ, ತಮಿಳಿನಲ್ಲಿ ಅಡೈಕ್ಕಾಯ್. ಇವು ಒಂದೇ ಬಳ್ಳಿಯ ಹೂಗಳು. ದ್ರಾವಿಡ ಭಾಷೆಗಳ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ ಪಂಡಿತರು, ಒತ್ತಾಗಿ ಸೇರಿರುವುದು ಎಂಬ ಅರ್ಥದ ‘ಅಡೈ’ ಮತ್ತು ‘ಕಾಯ್’ ಕೂಡಿ ಈ ಪದವಾಯಿತೆಂದು ವಿವರಿಸಿದ್ದಾರೆ. ಕಾಯಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಕೊನೆಯನ್ನು ಕಂಡವರಿಗೆ ಈ ವಿವರಣೆ ಸಹಜವೆನಿಸುತ್ತದೆ.

ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ಬಳಿ ಬಂದಿಳಿದ ಮೇಲೆ ಪೋರ್ಚುಗೀಸರಿಗೆ ಮಲಬಾರಿನ ಜನರ ನಿಕಟ ಸಂಪರ್ಕವುಂಟಾಯಿತು. ‘ಅಡಕ್ಕ’ ಎಂಬುದರಲ್ಲಿರುವ ಡಕಾರವನ್ನು ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸಬೇಕು. ಈ ಧ್ವನಿ ಪೋರ್ಚುಗೀಸ್ ಭಾಷೆಯಲ್ಲಿಲ್ಲ. ಅವರ ಕಿವಿಗೆ ಅದು ರಕಾರದಂತೆ ಕೇಳಿಸಿತು. ಹೀಗೆ ಅಡಕ್ಕ ‘ಅರೇಕಾ’ ಆಯಿತು. ಎರಡು ಮಾತುಗಳನ್ನೂ ಬೇಗಬೇಗನೆ ಉಚ್ಚರಿಸಿ ನೋಡಿದರೆ ಡಕಾರ ರಕಾರಗಳು ಎಷ್ಟು ಸಮೀಪದವೆಂಬುದು ವಿದ್ಯಾರ್ಥಿಗಳಿಗೆ ತಾನಾಗಿಯೇ ಮನದಟ್ಟಾಗುವುದು.

ಗೋವೆಯಲ್ಲಿ ನೆಲೆಸಿದ್ದ ವೈದ್ಯ ಗಾರ್ಸಿಯಾ ಡ ಓರ್ಟಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ಮಲಬಾರಿನ ನಾಯರರು ಇದನ್ನು ಅರೇಕಾ ಎನ್ನುವರೆಂದೂ ಗುಜರಾತು, ದಖ್ಖನ್ನುಗಳಲ್ಲಿ ಸುಪಾರಿ ಎನ್ನುವರೆಂದೂ ಬರೆದಿದ್ದಾನೆ. ಮುಂದೆ ಈ ಪದ ಫ್ರೆಂಚಿನಲ್ಲಿ ‘ಅರೆಕ್’, ಜರ್ಮನ್ನಿನಲ್ಲಿ ‘ಅರೇಕಾನುಸ್’, ಇಂಗ್ಲಿಷಿನಲ್ಲಿ ‘ಅರೇಕಾ’ ಎಂದು ನೆಲೆಗೊಂಡಿತು. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟ ಈ ಮರವನ್ನು ‘ಕೌಂಗ’ ಎಂದು ಕರೆದಿತ್ತು. ಹಳಗನ್ನಡದ ‘ಕೌಂಗು’ ಇದರ ಬಂಧು. ಆದರೆ 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಹೆಸರನ್ನಿಟ್ಟಾಗ ‘ಅರೇಕಾ’ವನ್ನೇ ಆರಿಸಿಕೊಂಡನು. ಜೊತೆಗಿರುವ ‘ಕೆಟೆಚು’ ಎಂಬುದು ಎಲೆಯಡಿಕೆಯೊಡನೆ ಬಳಸುವ ಕಾಚಿನ ಹೆಸರು. ಕಾಚು ಸಾಮಾನ್ಯವಾಗಿ ದೊರೆಯುವುದು ಕಗ್ಗಲಿ ಮರದ ತಿರುಳಿನಿಂದ. ತೆಂಗು, ಈಚಲು, ಬೈನೆ, ಬೆತ್ತ ಮೊದಲಾದವುಗಳನ್ನೊಳಗೊಂಡ ಇಡೀ ತಾಳೆಯ ಕುಟುಂಬಕ್ಕೆ ಇಂದು ‘ಅರೆಕೇಸಿಯೆ’ ಎಂದು ಹೆಸರು. ಸುಮಾರು 2500 ಪ್ರಭೇದಗಳ ಕುಟುಂಬಕ್ಕೆ ತೋಟದ ಮಾತೊಂದು ಮನೆತನದ ಹೆಸರಾಯಿತು.

ಹಾಗಾದರೆ ಅರೇಕಾ ಕನ್ನಡದ ಪದವೆಂದು ಹೇಳಬಹುದೆ? ಇಲ್ಲಿ ಎಚ್ಚರಿಕೆ ಬೇಕು. ಎರಡು ಮಾತುಗಳು ಒಂದರಂತೆ ಒಂದು ಕೇಳಿಸಿದರೆ ಸಾಲದು. ಪದದ ಮೂಲವನ್ನು ನಿರ್ಣಯಿಸಲು ಧ್ವನಿ, ಅರ್ಥ, ಚರಿತ್ರೆ ಎಂಬ ಮೂರು ಸಾಕ್ಷಿಗಳೂ ಒಂದೇ ಮಾತನ್ನಾಡಬೇಕು. ಧ್ವನಿ ಮತ್ತು ಅರ್ಥಗಳು ಕನ್ನಡಕ್ಕೂ ಒಪ್ಪುತ್ತವೆ. ಆದರೆ ಚರಿತ್ರೆಯ ಸಾಕ್ಷ್ಯ ಮಲಬಾರಿನ ಕಡೆಗೆ ಬೆರಳು ತೋರಿಸುತ್ತದೆ. ಆದ್ದರಿಂದ ಅರೇಕಾ ನಮ್ಮ ಅಡಿಕೆಯ ಮಗಳಲ್ಲ, ಸೋದರಿಯ ಮಗಳು. ಅಭಿಮಾನವು ಸತ್ಯವನ್ನು ಮೀರಬಾರದು.

ಪದಗಳ ಕೊಡುಕೊಳ್ಳುವಿಕೆಯಲ್ಲಿ ಯಾರೂ ಬರಿಯ ದಾನಿಗಳಲ್ಲ. ಚಾವಿ, ಪಗಾರಗಳು ಪೋರ್ಚುಗೀಸರಿಂದ ನಮಗೆ ಬಂದವು. ಅನಾನಸು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು; ಅದನ್ನು ಇಲ್ಲಿಗೆ ತಂದವರೂ ಅವರೇ. ನಮ್ಮ ಸೀಮೆಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ದಾಖಲಾದ ಹೆಸರು ‘ಶಿರಸಿ ಸುಪಾರಿ’ ಎಂದು. ಬೆಳೆದವರ ಮಾತು ವಿಜ್ಞಾನವನ್ನು ಸೇರಿತು. ಪೇಟೆಯ ಮಾತು ಮುದ್ರೆಯನ್ನು ಸೇರಿತು.

ಈ ಪದದ ಪಯಣ ಅಲ್ಲಿಗೇ ನಿಲ್ಲಲಿಲ್ಲ. 1888ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯಾನ್ಸ್ ಅಡಿಕೆಯಿಂದ ಒಂದು ಕ್ಷಾರಾಭವನ್ನು ಬೇರ್ಪಡಿಸಿದನು. ಅದಕ್ಕೆ ‘ಅರೆಕೊಲೀನ್’ ಎಂಬ ಹೆಸರಾಯಿತು. ಅಡಿಕೆಯನ್ನು ಅಗಿದಾಗ ಉಂಟಾಗುವ ಚುರುಕಿಗೆ ಮುಖ್ಯ ಕಾರಣ ಇದೇ. ಅಡಿಕೆಯನ್ನು ಅಗಿಯುವ ಅಭ್ಯಾಸ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಗ್ರಂಥದಲ್ಲಿ ಪ್ರಕಟಿಸಿತು. ಅಡಿಕೆಯಿಂದಲೇ ಅನ್ನ ಉಣ್ಣುವ ಸೀಮೆಗೆ ಇದು ಕಹಿಯಾದ ಮಾತು. ಆದರೂ ನಮ್ಮ ತೋಟದ ಹೆಸರು ವಿಜ್ಞಾನದಲ್ಲಿದೆಯೆಂದು ಹಿಗ್ಗುವವರು, ಆ ಹೆಸರಿನಲ್ಲಿ ವಿಜ್ಞಾನ ಹೇಳುವ ಮಾತಿಗೂ ಕಿವಿಗೊಡಬೇಕು. ಮರವನ್ನು ಪ್ರೀತಿಸುವುದು, ಅದರ ವಿಷಯದಲ್ಲಿ ಸತ್ಯವನ್ನು ಅರಿಯುವುದು, ಇವೆರಡೂ ಒಂದಕ್ಕೊಂದು ವಿರೋಧವಲ್ಲ. ಪದದ ಮೂಲವನ್ನು ಹುಡುಕುವವನಿಗೆ ಬೇಕಾದುದೂ ಇದೇ ನಿಷ್ಠೆ.