ಮರಳುಗಾಡಿನ ಉದ್ಯಾನದಲ್ಲಿ ರೈತ ನೋಡಬೇಕಾದ್ದು

"ಮರಳು ಬಿಟ್ರೆ ಅಲ್ಲೇನೈತಣ್ಣ?" ಆತಗೂರಿನಿಂದ ನಾವು ನಾಲ್ವರು ರಾಜಸ್ಥಾನಕ್ಕೆ ಹೊರಟಾಗ ಪಕ್ಕದ ಹೊಲದವರು ಕೇಳಿದ ಮಾತಿದು. ನನ್ನದು ಮೂರು ಎಕರೆ. ಒಂದರಲ್ಲಿ ತೆಂಗು, ಉಳಿದದ್ದು ಇಳಿಜಾರಿನ ರಾಗಿ ಹೊಲ. 2023ರ ಬರದಲ್ಲಿ ಕೊಳವೆಬಾವಿ ಬತ್ತಿತು. ಇನ್ನೊಂದು ಕೊರೆಸೋಕೆ ಸಾಲ ಮಾಡುವ ಮುಂಚೆ, ನಮಗಿಂತ ಕಡಿಮೆ ಮಳೆಯವರು ಹೇಗೆ ಬೇಸಾಯ ಮಾಡ್ತಾರೆ ನೋಡೋಣ ಅನ್ನಿಸಿತು. ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಜೈಸಲ್ಮೇರಿಗೆ 200 ಮಿ.ಮೀ. ಬಂದರೆ ಅದೇ ಹೆಚ್ಚು.

ಬರೀ ಮರಳಲ್ಲ

ಮರುಭೂಮಿ ರಾಷ್ಟ್ರೀಯ ಉದ್ಯಾನ ಇರುವುದು ಜೈಸಲ್ಮೇರ್ ಮತ್ತು ಬಾರ್ಮೇರ್ ಜಿಲ್ಲೆಗಳಲ್ಲಿ. 1980ರಲ್ಲಿ ಘೋಷಣೆಯಾದ ಇದರ ವಿಸ್ತಾರ 3,162 ಚದರ ಕಿ.ಮೀ. ಮರಳುದಿಬ್ಬ ಇರುವುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಮಿಕ್ಕದ್ದು ಕಲ್ಲುನೆಲ, ಹುಲ್ಲುಗಾವಲು. ಒಳಗೆ ಹಳ್ಳಿಗಳಿವೆ, ದನ-ಕುರಿ ಮೇಯುತ್ತವೆ.

ಅಲ್ಲಿನ ಸೇವಣ್ ಹುಲ್ಲು ಬಹುವಾರ್ಷಿಕ. ಬೇರು ಮರಳನ್ನು ಹಿಡಿದಿಡುತ್ತೆ, ಸೊಪ್ಪೆ ದನಕ್ಕೆ ಮೇವು. ಈ ಹುಲ್ಲಿನ ಬಯಲೇ ಎರೆಭೂತ ಹಕ್ಕಿಯ ಮನೆ. ನಮ್ಮ ಸಿರುಗುಪ್ಪ ಕಡೆಯ ಎರೆಹೊಲಗಳಲ್ಲೂ ಇದ್ದ ಹಕ್ಕಿಯಿದು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ದೇಶದಲ್ಲೀಗ ಉಳಿದಿರುವುದು ಇನ್ನೂರಕ್ಕೂ ಕಡಿಮೆ. ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಇದಕ್ಕೊಂದು ಕಾರಣ. ಎರಡು ದಿನ ಅಲೆದರೂ ನಮಗೆ ಕಾಣಲಿಲ್ಲ. ಚಿಂಕಾರ, ನರಿ ಕಂಡವು.

ಬನ್ನಿ ಮರದ ಕೆಳಗೆ ಸಜ್ಜೆ

ಅಲ್ಲಿ 'ಖೇಜ್ರಿ' ಅನ್ನುವುದು ನಾವು ವಿಜಯದಶಮಿಗೆ ಪೂಜಿಸುವ ಬನ್ನಿ. ಬಳ್ಳಾರಿ ಜಾಲಿ ಇದರ ದಾಯಾದಿಯಾದರೂ ಗುಣ ಬೇರೆ. ಖೇಜ್ರಿಯನ್ನು ಹೊಲದ ನಡುವೆಯೇ ಬಿಟ್ಟು ಕೆಳಗೆ ಸಜ್ಜೆ ಬೆಳೀತಾರೆ. ಚಳಿಗಾಲದಲ್ಲಿ ರೆಂಬೆ ಸವರಿ ಸೊಪ್ಪನ್ನು ಆಡಿಗೆ ಹಾಕ್ತಾರೆ. ಎಳೆಕಾಯಿ ಒಣಗಿಸಿ ಪಲ್ಯ ಮಾಡ್ತಾರೆ.

ಖಡೀನ್

ನಾವು ಕಲಿತ ದೊಡ್ಡ ಪಾಠ ಇದು. ಜೈಸಲ್ಮೇರ್ ಸೀಮೆಯ ಪಾಲಿವಾಲರು ಹದಿನೈದನೇ ಶತಮಾನದ ಸುಮಾರಿಗೆ ರೂಢಿಸಿದ ಪದ್ಧತಿ. ಕಲ್ಲುಗುಡ್ಡದ ಇಳಿಜಾರಿನ ಬುಡದಲ್ಲಿ 100ರಿಂದ 300 ಮೀಟರ್ ಉದ್ದದ ಮಣ್ಣಿನ ಏರಿ ಹಾಕ್ತಾರೆ. ಗುಡ್ಡದ ನೀರು, ಗೋಡು ಅಲ್ಲಿ ನಿಂತು ಇಂಗುತ್ತೆ. ಹೆಚ್ಚಾದದ್ದಕ್ಕೆ ಕೋಡಿ. ಬಿತ್ತನೆಗೆ ಮುಂಚೆ ನೀರು ಉಳಿದಿದ್ದರೆ ಹೊರಬಿಡಲು ತೂಬು. ಆಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ನೀರು ಹಾಯಿಸೋ ಮಾತೇ ಇಲ್ಲ. ಒಂದು ಎಕರೆ ಖಡೀನಿಗೆ ಹತ್ತು-ಹದಿನೈದು ಎಕರೆ ಗುಡ್ಡದ ನೀರು ಬೇಕಾಗುತ್ತೆ.

ನಮ್ಮಲ್ಲಿ ಹೇಗೆ?

ಹಾಗೇ ನಕಲು ಮಾಡಬೇಡಿ. ನಮ್ಮ ಮಳೆಗೆ ಅಷ್ಟು ದೊಡ್ಡ ಇಳಿಜಾರಿನ ನೀರು ಒಂದೇ ಏರಿಗೆ ನುಗ್ಗಿದರೆ ಒಡೆದೇ ಹೋಗುತ್ತೆ. ನಾನು ಹೊಲದ ತಗ್ಗಿನಲ್ಲಿ ಸೊಂಟದೆತ್ತರದ ಬದು ಹಾಕಿ, ಒಂದು ಮಗ್ಗುಲಲ್ಲಿ ಕಲ್ಲು ಜೋಡಿಸಿ ಕೋಡಿ ಬಿಟ್ಟೆ. ಬದುವಿನ ಮೇಲೆ ಹುಲ್ಲು ನೆಟ್ಟೆ. ನಮ್ಮ ಕೆಂಪು ಮಣ್ಣು ಬೇಗ ಒಣಗುವುದರಿಂದ ಹದ ಸಿಕ್ಕ ಕೂಡಲೇ ಹುರುಳಿ ಬಿತ್ತಬೇಕು. ಹಿಂಗಾರಿನ ಹುರುಳಿ ಕೈಗೆ ಬಂತು. ತೆಂಗಿಗೆ ನೀರು ಇನ್ನೂ ಸಾಲದು, ಆದರೆ ಕೊಳವೆಬಾವಿಯ ಸಾಲ ಮಾಡಲಿಲ್ಲ.

ಇನ್ನೊಂದು ಮಾತು. ನನ್ನ ಕೋಡಿ ನೀರು ಹೋಗುವುದು ಪಕ್ಕದವರ ಹೊಲಕ್ಕೆ. ಕೇಳದೆ ಬದು ಹಾಕಿದ್ದರೆ ಜಗಳವೇ ಆಗ್ತಿತ್ತು. "ಮರಳು ಬಿಟ್ರೆ ಏನೈತೆ" ಅಂದಿದ್ದ ಅವರನ್ನೇ ಕರೆದು ಕೋಡಿಯ ಜಾಗ ಗುರುತು ಮಾಡಿಸಿದೆ. ಈಗ ಅವರೂ ಬದು ಹಾಕಿದ್ದಾರೆ.

ಹೋಗುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೇ ಕಾಲ. ರಾತ್ರಿ ಚಳಿ ಜೋರು, ಕಂಬಳಿ ಇರಲಿ. ಉದ್ಯಾನದ ಪರವಾನಗಿಗೆ ಜೈಸಲ್ಮೇರಿನ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ದಾರಿಯಲ್ಲಿ ಸಿಗುವ ಜೋಧಪುರದಲ್ಲಿ 1959ರಿಂದ ಇರುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಗೂ ಒಂದು ದಿನ ಇಟ್ಟುಕೊಳ್ಳಿ.