ಅಂಕದ ಬದಿಯ ಅಕ್ಷರಗಳು



ಆಯಿಯ ಪೆಟ್ಟಿಗೆಯಲ್ಲಿ ದೊರೆತ ಬೆಳ್ಳಿಯ ರೂಪಾಯಿಗಳನ್ನೂ ತಾಮ್ರದ ಕಾಲಾಣೆಗಳನ್ನೂ ಕಂಡು ನಾಣ್ಯಸಂಗ್ರಹಕ್ಕೆ ಮನಸೋತ ನೀನು, ವ್ಯಾಪಾರಿಗಳು ತೋರಿಸುವ ಸ್ಲ್ಯಾಬುಗಳ, ಎಂದರೆ ಪರೀಕ್ಷಿಸಿ ಅಂಕ ಕೊಟ್ಟ ನಾಣ್ಯವನ್ನು ಮುಚ್ಚಿಟ್ಟ ಪ್ಲಾಸ್ಟಿಕ್ ಕೋಶಗಳ, ಚೀಟಿಯಲ್ಲಿ ಅಂಕದ ಬದಿಗೆ ಅಚ್ಚಾಗಿರುವ ಅಕ್ಷರಗಳಿಗಾಗಿ ಹೆಚ್ಚಿನ ಹಣ ತೆರುವುದು ಯುಕ್ತವೇ ಎಂದು ಕೇಳಿರುವೆ.

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ಸೆಂಟುಗಳಿಗಾಗಿ ಪ್ರಕಟಿಸಿದ 1ರಿಂದ 70ರವರೆಗಿನ ಅಂಕಗಳ ಮಾನವೇ ಇಂದು ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ಪರೀಕ್ಷಕ ಸಂಸ್ಥೆಗಳ ಮೂಲಕ ಸರ್ವತ್ರ ವ್ಯಾಪಿಸಿದೆ; 60 ಮತ್ತು ಅದಕ್ಕೆ ಮೇಲ್ಪಟ್ಟದ್ದು ಚಲಾವಣೆಯ ಸವೆತ ಕಾಣದ ನಾಣ್ಯ. ಆದರೆ ಸವೆಯದುದೆಲ್ಲ ಸ್ಫುಟವಾಗಿ ಮುದ್ರಿತವಾದುದೇ ಆಗಿರಬೇಕಿಲ್ಲ. ಅಚ್ಚು ಜೀರ್ಣವಾಗಿದ್ದರೆ, ಒತ್ತಡ ಸಾಲದಿದ್ದರೆ, ಟಂಕಸಾಲೆಯಿಂದ ಹೊರಬೀಳುವಾಗಲೇ ಸೂಕ್ಷ್ಮರೇಖೆಗಳು ಮೂಡಿರುವುದಿಲ್ಲ. ಈ ಭೇದವನ್ನು ಸೂಚಿಸಲೆಂದೇ ಅಂಕದ ಬದಿಗೆ ವಿಶೇಷಣದ ಅಕ್ಷರಗಳನ್ನು ಸೇರಿಸುತ್ತಾರೆ: ಫ್ರಾಂಕ್ಲಿನ್ ಅರ್ಧ ಡಾಲರಿನ ಗಂಟೆಯ ಕೆಳಗೆರೆಗಳು ಅಖಂಡವಾಗಿದ್ದರೆ ಒಂದು ವಿಶೇಷಣ, ಜೆಫರ್ಸನ್ ನಿಕಲಿನ ಭವನದ ಐದು ಮೆಟ್ಟಿಲುಗಳಾದರೂ ಪೂರ್ಣವಾಗಿದ್ದರೆ ಇನ್ನೊಂದು. ನಮ್ಮ ರೂಪಾಯಿಯಲ್ಲಿ ಗಂಟೆಯೂ ಇಲ್ಲ, ಮೆಟ್ಟಿಲೂ ಇಲ್ಲ. ಆ ಚಿಂತೆ ನಿನಗೆ ಬೇಡ.

ನಿನ್ನ ಕಾಲಾಣೆಗಳಿಗೆ ಸಲ್ಲುವುದು ಬಣ್ಣದ ವಿಶೇಷಣ. ಟಂಕಸಾಲೆಯ ಮೂಲ ಕೆಂಪು ಬಹುಮಟ್ಟಿಗೆ ಉಳಿದಿದ್ದರೆ ಆರ್.ಡಿ., ಪೂರ್ತಿ ಕಂದಿದ್ದರೆ ಬಿ.ಎನ್., ಎರಡೂ ಬೆರೆತಿದ್ದರೆ ಆರ್.ಬಿ. ತಾಮ್ರವು ತೇವಕ್ಕೂ ಕೈಬೆವರಿಗೂ ಬಹುಬೇಗ ಬಣ್ಣ ಬಿಡುವ ಲೋಹವಾದುದರಿಂದ ಕೆಂಪು ಉಳಿದದ್ದು ವಿರಳ, ಆದಕಾರಣ ದುಬಾರಿ. ಆದರೂ ಆಮ್ಲದಲ್ಲಿ ಅದ್ದಿ ಕೆಂಪಾಗಿಸಿದ ನಾಣ್ಯಕ್ಕಿಂತ ಸಮನಾಗಿ ಕಂದಿದ ನಾಣ್ಯವೇ ನನಗೆ ಮೇಲು. (ನಮ್ಮೂರು ರನ್ನ ಬೆಳಗಲಿಯ ಕವಿ ರನ್ನನಿಗೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ಬಂದದ್ದು ಕಾವ್ಯದ ಬಲದಿಂದ; ಹಾಗೆಯೇ ನೀನೂ ಮೊದಲು ನಾಣ್ಯವನ್ನು ನೋಡು, ಅನಂತರ ಚೀಟಿಯನ್ನು ಓದು.) ಹೊಳೆಯುವ ಪ್ರೂಫ್ ನಾಣ್ಯ ಕೊಳ್ಳುವಾಗ ಚೀಟಿಯಲ್ಲಿ ರಿಸ್ಟ್ರೈಕ್ ಎಂದಿದೆಯೇ ನೋಡು, ಹಳೆಯ ಅಚ್ಚುಗಳಿಂದ ಸಂಗ್ರಾಹಕರಿಗೆಂದು ಮುಂಬಯಿ ಟಂಕಸಾಲೆ ಮರುಮುದ್ರಿಸಿದವೂ ಉಂಟು.

ನಮ್ಮ ಸೀಮೆಯ ರಾಣಿಛಾಪಿನ ರೂಪಾಯಿಗಳಿಗೆ ಕಂಟಕ ಬೇರೆಯೇ ಇದೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯದಿಂದ ಆ ಕೊಂಡಿಯನ್ನು ಎಷ್ಟೇ ನಯವಾಗಿ ತೆಗೆಸಿದರೂ ಅಂಚಿನಲ್ಲಿ ಬೆಸುಗೆಯ ಕಲೆ ನಿಲ್ಲುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಹುಣಸೆಹಣ್ಣು, ವಿಭೂತಿಗಳಿಂದ ಉಜ್ಜಿದ ನಾಣ್ಯವನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೀರುಗಳು ಮುಖದ ತುಂಬ ಕಾಣಿಸುತ್ತವೆ. ಇಂಥವಕ್ಕೆ ಸಂಸ್ಥೆಗಳು ಸಾಮಾನ್ಯವಾಗಿ ಅಂಕವನ್ನೇ ಕೊಡದೆ ‘ಡೀಟೇಲ್ಸ್’ ಎಂದು ಬರೆದು ದೋಷವನ್ನು ಹೆಸರಿಸುತ್ತವೆ. ಎಲ್ಲ ವಿಶೇಷಣಗಳಲ್ಲಿ ನೀನು ಮೊದಲು ಓದಲು ಕಲಿಯಬೇಕಾದದ್ದು ಇದನ್ನೇ.

ನಿನ್ನಲ್ಲಿರುವ 1911ರ ಐದನೆಯ ಜಾರ್ಜನ ರೂಪಾಯಿ ಸಾಮಾನ್ಯವಾದುದಲ್ಲ. ದೊರೆಯ ಉಡುಪಿನ ಮೇಲಿನ ಆನೆಯು ಗಿಡ್ಡ ಸೊಂಡಿಲಿನಿಂದ ಹಂದಿಯಂತೆ ತೋರುತ್ತದೆಂದು ಜನರು ಆಕ್ಷೇಪಿಸಲಾಗಿ, 1912ರಲ್ಲಿ ಅಚ್ಚನ್ನು ತಿದ್ದಿದರು. ಆ ರೂಪಾಯಿಯನ್ನು ಅಂಚಿನಲ್ಲಿ ಮಾತ್ರ ಹಿಡಿ, ಮೆದುವಾದ ಪಿ.ವಿ.ಸಿ. ಚೀಲದಲ್ಲಿ ಇಡಬೇಡ, ಒರೆಸಲೂ ಬೇಡ. ಬರುವ ದೀಪಾವಳಿಯ ಪೂಜೆಗೆ ಬೇರೆ ರೂಪಾಯಿ ಇಡಬೇಕೆಂದು ನಿಮ್ಮ ಅವ್ವನಿಗೆ ಈಗಲೇ ಹೇಳಿಡು.

ಇತಿ,
ನಿನ್ನ ಕಾಕಾ